ವೈರಸ್ ಬಂದರೆ ಅಂಗಡಿಗೆ, ಕಳ್ಳ ಬಂದರೆ ಠಾಣೆಗೆ

‘ಅಯ್ಯೋ, ಅದು ವೈರಸ್ ಅಲ್ಲ’ ಎಂದು ತಿದ್ದುವವರ ಮೇಲೆ ನನಗೊಂದು ತಕರಾರಿದೆ.

ಫೋನು ಬಿಸಿಯಾದರೆ ವೈರಸ್, ಚಾರ್ಜು ನಿಲ್ಲದಿದ್ದರೆ ವೈರಸ್, ಪರದೆಯ ಮೇಲೆ ಕೇಳದೆಯೇ ಜಾಹೀರಾತು ಕುಣಿದರೆ ವೈರಸ್, ಡಾಟಾ ಸಂಜೆಯೊಳಗೆ ಖಾಲಿಯಾದರೂ ವೈರಸ್. ಹಾಸನ ತಾಲ್ಲೂಕಿನ ನಮ್ಮ ಕಟ್ಟಾಯದ ಕಡೆ ಯಾವ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ‘ಏನೋ ವೈರಸ್ಸು ಸೇರ್ಕಂಡೈತೆ ಕಣಪ್ಪ, ಒಸಿ ನೋಡು’ ಎಂಬ ಮಾತು ಕಿವಿಗೆ ಬೀಳುತ್ತದೆ. ಅಂಗಡಿಯ ಹುಡುಗ ಫೋನನ್ನು ತಿರುಗಿಸಿ ನೋಡಿ, ‘ಫ್ಲ್ಯಾಶ್ ಹೊಡಿಬೇಕು, ಸಂಜೆ ಬನ್ನಿ’ ಅನ್ನುತ್ತಾನೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ನನ್ನ ಗೆಳೆಯರಿಗೆ ಇದು ಊರಿನ ಬಗ್ಗೆ ಹೇಳಿಕೊಂಡು ನಗುವ ಕತೆ. ಬ್ಯಾಟರಿ ಹಳೆಯದಾಗಿದ್ದಕ್ಕೂ ವೈರಸ್ಸಿಗೂ ಏನು ಸಂಬಂಧ ಎಂಬುದು ಅವರ ಪ್ರಶ್ನೆ.

ಜನ ತಂತ್ರಜ್ಞಾನದ ಬಗ್ಗೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ನನ್ನ ಪಿಎಚ್.ಡಿ.ಯ ವಿಷಯ. ಹಾಗಾಗಿ ಈ ನಗೆಯನ್ನು ನಾನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ನನ್ನ ವಾದ ಇಷ್ಟು: ಜನರಿಗೆ ವೈರಸ್ ಎಂದರೇನು ಎಂದು ಗೊತ್ತಿಲ್ಲ ಅನ್ನುವ ತಜ್ಞರೇ ಆ ಪದವನ್ನು ಜನರ ಬಾಯಿಗೆ ಹಾಕಿದವರು. ಅದು ಕಳ್ಳತನವನ್ನು ಕಾಯಿಲೆಯನ್ನಾಗಿ ಮಾಡಿತು. ಕಾಯಿಲೆ ಎಂದಾದ ಮೇಲೆ ತಪ್ಪು ರೋಗಿಯದ್ದಾಯಿತು. ಇದರಿಂದ ಬಡವರ ಹಣ ಹೋಗುತ್ತಿದೆ.

ಮೊದಲು ಪದದ ವಿಚಾರ. ತಜ್ಞರ ಪ್ರಕಾರ ವೈರಸ್ ಎಂದರೆ ಬೇರೊಂದು ಪ್ರೋಗ್ರಾಮಿಗೆ ಅಂಟಿಕೊಂಡು ತನ್ನ ನಕಲುಗಳನ್ನು ತಾನೇ ಹರಡುವ ಪ್ರೋಗ್ರಾಮು. ಯಾವುದಕ್ಕೂ ಅಂಟಿಕೊಳ್ಳದೆ ಜಾಲದ ಮೂಲಕ ತಾನಾಗಿ ಹಬ್ಬುವುದು ವರ್ಮ್. ಒಳ್ಳೆಯದರ ವೇಷದಲ್ಲಿ ಬಂದು ನಮ್ಮ ಕೈಯಿಂದಲೇ ಬಾಗಿಲು ತೆಗೆಸಿಕೊಳ್ಳುವುದು ಟ್ರೋಜನ್. ಕಡತಗಳಿಗೆ ಬೀಗ ಹಾಕಿ ಹಣ ಕೇಳುವುದು ರ್‍ಯಾನ್ಸಮ್‌ವೇರ್. ಗುಟ್ಟಾಗಿ ಕೂತು ಕಣ್ಣಿಡುವುದು ಸ್ಪೈವೇರ್. ಇವೆಲ್ಲಕ್ಕೂ ಸೇರಿಸಿ ಮಾಲ್‌ವೇರ್ ಎಂಬ ಹೆಸರು. ಕನ್ನಡದಲ್ಲಿ ಇದಕ್ಕೆ ಕುತಂತ್ರಾಂಶ ಎಂಬ ಸೊಗಸಾದ ಪದವಿದೆ. ಈ ಲೆಕ್ಕದಲ್ಲಿ ನೋಡಿದರೆ ಇವತ್ತು ಫೋನುಗಳಲ್ಲಿ ಜನರನ್ನು ಕಾಡುತ್ತಿರುವುದರಲ್ಲಿ ನಿಜವಾದ ‘ವೈರಸ್’ ಬಹಳ ಕಡಿಮೆ.

ತಜ್ಞರು ಹೆಸರಿಡುವುದು ಕಾರಣವನ್ನು ನೋಡಿ: ಅದು ಒಳಗೆ ಹೇಗೆ ಬರುತ್ತದೆ, ಹೇಗೆ ಹರಡುತ್ತದೆ, ಏನು ಮಾಡುತ್ತದೆ. ಜನ ಹೆಸರಿಡುವುದು ಲಕ್ಷಣವನ್ನು ನೋಡಿ: ಮೊನ್ನೆವರೆಗೂ ನೆಟ್ಟಗಿದ್ದ ಫೋನು ಇವತ್ತು ನನ್ನ ಮಾತು ಕೇಳುತ್ತಿಲ್ಲ. ಎರಡೂ ವರ್ಗೀಕರಣವೇ. ಎರಡನೆಯದಕ್ಕೆ ಕಾನೂನಿನ ಬೆಂಬಲವೂ ಇದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ವಿವರಣೆಯಲ್ಲಿ ಕಂಪ್ಯೂಟರ್ ವೈರಸ್ ಎಂದರೇನು ಎಂದು ಬರೆದಿದ್ದಾರೆ. ಕಂಪ್ಯೂಟರನ್ನು ಹಾಳುಮಾಡುವ, ಅದರ ಕೆಲಸವನ್ನು ಕುಗ್ಗಿಸುವ ಅಥವಾ ಕೆಡಿಸುವ ಯಾವುದೇ ಸೂಚನೆ, ಮಾಹಿತಿ ಅಥವಾ ಪ್ರೋಗ್ರಾಮು ಅದರೊಳಗೆ ಬರುತ್ತದೆ. ಅಂಟಿಕೊಂಡು ಹರಡಲೇಬೇಕೆಂಬ ಕಟ್ಟುಪಾಡಿಲ್ಲ. ಸಂಸತ್ತು ಬರೆದ ಈ ವ್ಯಾಖ್ಯಾನ ತಜ್ಞರ ಪಠ್ಯಪುಸ್ತಕಕ್ಕಿಂತ ನಮ್ಮೂರ ಅಂಗಡಿ ಮುಂದಿನ ಮಾತಿಗೆ ಹತ್ತಿರವಾಗಿದೆ.

ಇನ್ನು ತಜ್ಞರ ಪದಕೋಶ ಎಲ್ಲಿಂದ ಬಂತು? ಸಾಹಿತ್ಯದ ಓದುಗರಾದ ನಿಮಗೆ ಇದು ಖುಷಿ ಕೊಡಬಹುದು. ತಾನಾಗಿ ಹರಡುವ ಪ್ರೋಗ್ರಾಮಿಗೆ ವೈರಸ್ ಎಂಬ ಹೆಸರು ಡೇವಿಡ್ ಜೆರಾಲ್ಡ್ ಅವರ 1972ರ ವೈಜ್ಞಾನಿಕ ಕಾದಂಬರಿಯೊಂದರಲ್ಲಿ ಬಂದಿತ್ತು. 1983–84ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಫ್ರೆಡ್ ಕೋಹೆನ್ ಇಂಥ ಪ್ರೋಗ್ರಾಮು ಬರೆದು ತೋರಿಸಿದಾಗ, ಅದಕ್ಕೆ ಆ ಹೆಸರು ಸೂಚಿಸಿದವರು ಅವರ ಗುರು ಲೆನ್ ಆಡಲ್‌ಮನ್. ವರ್ಮ್ ಎಂಬುದು ಜಾನ್ ಬ್ರನರ್ ಅವರ 1975ರ ಕಾದಂಬರಿಯಲ್ಲಿನ ಲಾಡಿಹುಳು. ಟ್ರೋಜನ್ ಎಂಬುದು ಗ್ರೀಕರ ಪುರಾಣದ ಮರದ ಕುದುರೆ. ಅಂದರೆ ಈ ಮೂರೂ ‘ಖಚಿತ’ ತಾಂತ್ರಿಕ ಪದಗಳು ಕತೆಗಳಿಂದ ತಂದ ಸಾಲ. ಕತೆಯಿಂದ ಪದ ತಂದವರು ತಾವೇ. ಅದನ್ನು ಕೇಳಿದ ಜನ ಆ ಕತೆಯನ್ನು ನಂಬಿದರು ಎಂದು ಈಗ ದೂರುವವರೂ ತಾವೇ. ರೋಗಾಣುವಿನ ಹೆಸರಿಟ್ಟ ಮೇಲೆ ಜನ ಜ್ವರ, ಮದ್ದು, ಅಂಟು, ಪಥ್ಯ ಎಂದು ಯೋಚಿಸದೆ ಇನ್ನು ಹೇಗೆ ಯೋಚಿಸಬೇಕಿತ್ತು?

ಇದು ಕಟ್ಟಾಯದ ಸಮಸ್ಯೆ ಎಂದು ಮೂಗು ಮುರಿಯುವವರಿಗೆ ಒಂದು ಅಧ್ಯಯನ ತೋರಿಸಬೇಕು. ಅಮೆರಿಕದ ಸಂಶೋಧಕ ರಿಕ್ ವಾಶ್ ಅಲ್ಲಿನ 33 ಮಂದಿ ಸಾಮಾನ್ಯ ಬಳಕೆದಾರರನ್ನು ಮಾತಾಡಿಸಿ 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವೈರಸ್ ಬಗ್ಗೆ ಜನರಲ್ಲಿ ನಾಲ್ಕು ಬಗೆಯ ತಿಳಿವಳಿಕೆ ಅವರಿಗೆ ಕಂಡವು. ಕೆಲವರಿಗೆ ಅದು ಬರೀ ‘ಕೆಟ್ಟದ್ದು’. ಕೆಲವರಿಗೆ ಅದು ಸರಿಯಾಗಿ ಬರೆಯದ, ದೋಷವಿರುವ ಪ್ರೋಗ್ರಾಮು. ಕೆಲವರಿಗೆ ಅದು ಕಿಡಿಗೇಡಿಗಳ ಚೇಷ್ಟೆ. ಇನ್ನು ಕೆಲವರಿಗೆ ಅದು ಅಪರಾಧಕ್ಕೆ ಬಳಸುವ ಹತಾರ. ಹ್ಯಾಕರ್‌ಗಳ ಬಗ್ಗೆಯೂ ಹೀಗೆಯೇ ನಾಲ್ಕು ಬಗೆ. ಅದರಲ್ಲೊಂದು ‘ಅವರು ದೊಡ್ಡ ಮೀನುಗಳನ್ನಷ್ಟೇ ಹಿಡಿಯುತ್ತಾರೆ, ನನ್ನಂಥವನ ಬಳಿ ಏನಿದೆ’ ಎಂಬ ನಂಬಿಕೆ. ‘ನನ್ ಫೋನಲ್ಲಿ ಏನೈತೆ ಅಂತ ಕದೀತಾರೆ?’ ಎಂದು ನಮ್ಮೂರಲ್ಲಿ ಕೇಳುವ ಮಾತನ್ನೇ ಅಮೆರಿಕದವರು ಇಂಗ್ಲಿಷಿನಲ್ಲಿ ಹೇಳಿದ್ದರು. ವಾಶ್ ಈ ತಿಳಿವಳಿಕೆಗಳನ್ನು ಗೇಲಿ ಮಾಡಲಿಲ್ಲ. ಯಾವ ತಿಳಿವಳಿಕೆ ಇರುವವರು ಯಾವ ಸಲಹೆಯನ್ನು ಪಾಲಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ನೋಡಿದರು. ವೈರಸ್ ಚೇಷ್ಟೆ ಎಂದು ನಂಬಿದವನಿಗೂ ಅಪರಾಧ ಎಂದು ನಂಬಿದವನಿಗೂ ಬೇರೆ ಬೇರೆ ಸಲಹೆ ನಾಟುತ್ತದೆ. ತಿಳಿವಳಿಕೆ ತಪ್ಪಾಗಿದ್ದರೂ ಅದು ಸರಿಯಾದ ಕೆಲಸ ಮಾಡಿಸಬಲ್ಲದು ಎಂಬುದು ಅವರ ದೊಡ್ಡ ಮಾತು.

ಆ ಮಾತು ಅರ್ಥವಾಗಲು ನಮಗೆ ಅಮೆರಿಕ ಬೇಕಿಲ್ಲ, ಹಾಸನದ ಆಲೂಗಡ್ಡೆ ಸಾಕು. ಮುಂಗಾರಿಗೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತದೆ. ಬಿತ್ತಿದ ಮೇಲೆ ರೈತರು ಹೆದರುವುದು ಅಂಗಮಾರಿಗೆ. ‘ಮೋಡ ಮುಸುಕಿ ಜಡಿ ಹಿಡಿದರೆ ಅಂಗಮಾರಿ ಬೀಳುತ್ತೆ’ ಎಂಬುದು ರೈತರ ತಿಳಿವಳಿಕೆ. ವಿಜ್ಞಾನಿಯ ಪ್ರಕಾರ ಮೋಡ ರೋಗವನ್ನು ತರುವುದಿಲ್ಲ. ಶಿಲೀಂಧ್ರದಂಥ ಒಂದು ಸೂಕ್ಷ್ಮಜೀವಿ ತರುತ್ತದೆ. ಆದರೆ ಅದು ಹರಡಲು ತಂಪು ಮತ್ತು ತೇವ ಬೇಕು. ಹಾಗಾಗಿ ಮೋಡ ಕಂಡ ಕೂಡಲೇ ಔಷಧಿ ಹೊಡೆಯುವ ರೈತ, ಸೂಕ್ಷ್ಮಜೀವಿಯ ಹೆಸರು ಗೊತ್ತಿಲ್ಲದಿದ್ದರೂ, ವಿಜ್ಞಾನಿ ಹೇಳುವ ಕೆಲಸವನ್ನೇ ಮಾಡುತ್ತಾನೆ. ಕೃಷಿ ಅಧಿಕಾರಿ ಹೊಲಕ್ಕೆ ಬಂದು ‘ಮೋಡ ಕಾರಣವಲ್ಲ ಕಣ್ರೀ’ ಎಂದು ಪಾಠ ಮಾಡುವುದಿಲ್ಲ. ‘ಮೋಡ ಆದ ತಕ್ಷಣ ಹೊಡೀರಿ’ ಅನ್ನುತ್ತಾನೆ. ಚನ್ನರಾಯಪಟ್ಟಣದ ಕಡೆ ತೆಂಗಿಗೆ ನುಸಿ ಬಂದಾಗಲೂ ಅಷ್ಟೇ. ನುಸಿ ಒಂದು ಕೀಟದಂಥ ಜೀವಿ, ರೋಗವಲ್ಲ. ಆದರೂ ಜನ ‘ನುಸಿ ರೋಗ’ ಅಂದರು. ಅದಕ್ಕಾಗಿ ಅವರನ್ನು ಯಾರೂ ದಡ್ಡರೆನ್ನಲಿಲ್ಲ. ಕೃಷಿ ವಿಜ್ಞಾನ ಇಷ್ಟು ವರ್ಷಗಳಲ್ಲಿ ಕಲಿತ ಈ ವಿನಯವನ್ನು ಕಂಪ್ಯೂಟರ್ ಭದ್ರತೆಯವರು ಇನ್ನೂ ಕಲಿತಿಲ್ಲ.

ಹಾಗೆಂದು ಜನರ ತಿಳಿವಳಿಕೆ ಎಲ್ಲ ಕಡೆ ಸಾಕು ಎಂದು ನಾನು ಹೇಳುತ್ತಿಲ್ಲ. ಅದು ಸೋಲುವ ಜಾಗವೊಂದಿದೆ. ಜನ ಲಕ್ಷಣ ನೋಡಿ ಗುರುತಿಸುತ್ತಾರೆ. ಹಿಂದಿನ ಕಾಲಕ್ಕೆ ಅದು ಸರಿಯಿತ್ತು. ಕಾಲೇಜಿನ ಬಳಿಯ ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ವಾಪಸ್ ತಂದರೆ, ಒಳಗಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿರುತ್ತಿದ್ದದ್ದು ನಮ್ಮ ತಲೆಮಾರಿನ ಎಲ್ಲರಿಗೂ ನೆನಪಿರಬೇಕು. ಸೆಮಿನಾರಿನ ಹಿಂದಿನ ರಾತ್ರಿ ಕಪ್ಪು ಪರದೆಯ ಮೇಲೆ ‘ಅಟ್ರಿಬ್’ ಎಂದು ಶುರುವಾಗುವ ಸಾಲೊಂದನ್ನು ಟೈಪ್ ಮಾಡಿ ಕಡತಗಳನ್ನು ವಾಪಸ್ ತರಿಸಿದ ಗೆಳೆಯ ಹಾಸ್ಟೆಲಿನ ಡಾಕ್ಟರು. ಆ ವೈರಸ್ ಕಣ್ಣಿಗೆ ಕಾಣುತ್ತಿತ್ತು. ಇಂದಿನದು ಕಾಣುವುದಿಲ್ಲ. ಹಣ ಕದಿಯಲು ಬಂದವನು ಫೋನನ್ನು ಯಾಕೆ ನಿಧಾನ ಮಾಡುತ್ತಾನೆ? ಮನೆಯವರು ಎಚ್ಚರವಾಗದಂತೆ ನೋಡಿಕೊಳ್ಳುವುದೇ ಅವನ ಕಸುಬು. ಜ್ವರ ಬಂದರೆ ಕಾಯಿಲೆ, ಜ್ವರವಿಲ್ಲದಿದ್ದರೆ ಆರೋಗ್ಯ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ಬಿಸಿಯಾದ ಫೋನಿನಲ್ಲಿ ಏನೂ ಇರುವುದಿಲ್ಲ, ತಣ್ಣಗಿರುವ ಫೋನಿನಲ್ಲಿ ಕಳ್ಳ ಕೂತಿರುತ್ತಾನೆ.

‘ಹಾಗಾದರೆ ನಾವು ಹೇಳಿದ್ದೇ ಸರಿಯಾಯಿತಲ್ಲ, ಜನರಿಗೆ ಜಾಗೃತಿ ಇಲ್ಲ’ ಎಂದು ತಜ್ಞರು ಇಲ್ಲಿ ಹೇಳಬಹುದು. ಆ ಜಾಗೃತಿಯನ್ನೇ ಸ್ವಲ್ಪ ಪರೀಕ್ಷಿಸೋಣ.

ನಮ್ಮ ಹೋಬಳಿಯ ಹೆಂಗಸೊಬ್ಬರ ವಾಟ್ಸಾಪಿಗೆ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ್ದು ಅವರ ಅಣ್ಣನ ಮಗನ ನಂಬರಿನಿಂದ. ಒತ್ತಿದರು. ಏನೋ ಇನ್‌ಸ್ಟಾಲ್ ಮಾಡಲು ಕೇಳಿತು, ಏನೇನಕ್ಕೋ ಅನುಮತಿ ಕೇಳಿತು, ಕೊಟ್ಟರು. ಪತ್ರಿಕೆ ತೆರೆಯಲಿಲ್ಲ. ಬಂದದ್ದು ಪತ್ರಿಕೆಯ ಹೆಸರಿಟ್ಟುಕೊಂಡ ಎಪಿಕೆ ಕಡತ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್. ಇಂಥವು ಮದುವೆ ಕರೆಯೋಲೆ, ಆರ್‌ಟಿಒ ದಂಡದ ಚಲನ್, ಪಿಎಂ ಕಿಸಾನ್ ಎಂದೆಲ್ಲ ವೇಷ ಹಾಕಿಕೊಂಡು ದೇಶದ ತುಂಬ ಓಡಾಡುತ್ತಿವೆ. ಒಳಗೆ ಸೇರಿದ ಮೇಲೆ ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದು, ಬ್ಯಾಂಕಿನಿಂದ ಬರುವ ಒಟಿಪಿಯನ್ನು ತಾನೇ ಓದಿ ಕಳ್ಳನಿಗೆ ದಾಟಿಸುತ್ತದೆ. ಆಮೇಲೆ ಅದೇ ಪತ್ರಿಕೆ ಫೋನಿನಲ್ಲಿರುವ ಇತರ ನಂಬರುಗಳಿಗೂ ಹೋಗುತ್ತದೆ.

ಈಗ ನಮಗೆ ಕೊಡುವ ಜಾಗೃತಿಯ ಪಾಠಗಳನ್ನು ಒಂದೊಂದಾಗಿ ಇದರ ಪಕ್ಕ ಇಟ್ಟು ನೋಡಿ. ‘ಅಪರಿಚಿತರು ಕಳಿಸಿದ್ದನ್ನು ಒತ್ತಬೇಡಿ.’ ಕಳಿಸಿದ್ದು ಅಪರಿಚಿತನಲ್ಲ, ಅಣ್ಣನ ಮಗ. ‘ಒಟಿಪಿ ಯಾರಿಗೂ ಹೇಳಬೇಡಿ.’ ಅವರು ಯಾರಿಗೂ ಹೇಳಲಿಲ್ಲ, ಫೋನೇ ಹೇಳಿತು. ‘ಅನುಮಾನ ಬರುವಂಥದ್ದನ್ನು ತೆರೆಯಬೇಡಿ.’ ಲಗ್ನಪತ್ರಿಕೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ತವರಿನ ಕಡೆಯಿಂದ ಬಂದ ಕರೆಯೋಲೆಯನ್ನು ತೆರೆಯದೆ ಬಿಟ್ಟರೆ ಅದು ಭದ್ರತೆಯಲ್ಲ, ಅಗೌರವ. ಊರಿನ ಮರ್ಯಾದೆಯ ಕಟ್ಟಳೆ ಕಳ್ಳನಿಗೆ ಗೊತ್ತಿದೆ, ಪೋಸ್ಟರ್ ಬರೆದವರಿಗೆ ಗೊತ್ತಿಲ್ಲ. ಹೇಳಬೇಕಾಗಿದ್ದ ಒಂದೇ ಮಾತು, ‘ಪತ್ರಿಕೆ ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಹಾಗೆ ಕೇಳಿದರೆ ಅದು ಪತ್ರಿಕೆಯೇ ಅಲ್ಲ’ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಜನರ ತಿಳಿವಳಿಕೆ ಹಳೆಯದು ಎಂದು ದೂರುವವರ ಸಲಹೆಯೂ ಅಷ್ಟೇ ಹಳೆಯದಾಗಿದೆ.

ಮುಂದಿನದು ಇನ್ನೂ ಮುಖ್ಯ. ಖಾತೆಯಿಂದ ಹಾಲಿನ ಬಟವಾಡೆ ಹಣ, ಸಂಘದ ಸಾಲದ ಕಂತಿಗೆ ಇಟ್ಟ ಹಣ ಎರಡೂ ಹೋದವು. ಫೋನಿನಲ್ಲಿ ವೈರಸ್ ಬಂದಿದೆ ಎಂದು ಅವರು ಮಾರನೆಯ ದಿನ ರಿಪೇರಿ ಅಂಗಡಿಗೆ ಕೊಟ್ಟರು. ಹುಡುಗ ಫ್ಲ್ಯಾಶ್ ಹೊಡೆದ. ಕಳ್ಳ ಆ್ಯಪ್ ಹೋಯಿತು, ಅದರ ಜೊತೆಗೆ ಸಾಕ್ಷಿಯೂ ಹೋಯಿತು. ಬ್ಯಾಂಕಿಗೆ ಹೋಗುವಷ್ಟರಲ್ಲಿ ವಾರ ಕಳೆದಿತ್ತು. ಅಲ್ಲಿ ಅವರಿಗೆ ಸಿಕ್ಕ ಉತ್ತರ, ‘ನೀವೇ ತಾನೇ ಒತ್ತಿದ್ದು?’ ಪೊಲೀಸರ ಬಳಿ ಯಾಕೆ ಹೋಗಲಿಲ್ಲ ಎಂದು ನಾನು ಕೇಳಿದೆ. ‘ವೈರಸ್ ಬಂದಿದ್ದಕ್ಕೆ ಯಾರಾದ್ರೂ ಟೇಸನ್ನಿಗೆ ಹೋಯ್ತಾರೇನವ್ವ?’ ಅಂದರು.

ನನ್ನ ಇಡೀ ತಕರಾರು ಈ ಪ್ರಶ್ನೆಯಲ್ಲಿದೆ. ಪದವೊಂದು ಮನುಷ್ಯರನ್ನು ಯಾವ ಬಾಗಿಲಿಗೆ ಕಳಿಸುತ್ತದೆ ಎಂಬುದು ಭಾಷಾಶಾಸ್ತ್ರದ ಚರ್ಚೆಯಷ್ಟೇ ಅಲ್ಲ. ಕಾಯಿಲೆ ಎಂದರೆ ವೈದ್ಯರ ಬಳಿ, ಫೋನಿನ ಕಾಯಿಲೆ ಎಂದರೆ ರಿಪೇರಿ ಅಂಗಡಿಗೆ ಹೋಗುತ್ತೇವೆ. ಕಳವು ಎಂದರೆ ಮೊದಲು ಬ್ಯಾಂಕಿಗೆ ಹೇಳಿ ಖಾತೆ ನಿಲ್ಲಿಸುತ್ತೇವೆ, ಠಾಣೆಗೆ ದೂರು ಕೊಡುತ್ತೇವೆ. 1930 ಎಂಬ ಸಹಾಯವಾಣಿ ಇದೆ. ಎಷ್ಟು ಬೇಗ ಕರೆ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆ ಇದೆ. ಮನೆಗೆ ಕಳ್ಳ ನುಗ್ಗಿದರೆ ಆ ಹೆಂಗಸು ಮೊದಲು ಮನೆ ಗುಡಿಸುತ್ತಿರಲಿಲ್ಲ. ಇಲ್ಲಿ ಗುಡಿಸಿದರು, ಯಾಕೆಂದರೆ ಬಂದದ್ದು ಕಳ್ಳ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ವೈರಸ್ ಎಂದು ಹೇಳಿದ್ದರು.

ಆ ಒಂದು ವಾರಕ್ಕೆ ಬೆಲೆ ಇದೆ. 2017ರ ಜುಲೈ 6ರಂದು ಭಾರತೀಯ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯನ್ನು ಓದಿ ನೋಡಿ. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆ ಎಂದಾದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಹೊಣೆಗೆ ಒಂದು ಮಿತಿ. ಗ್ರಾಹಕರ ನಿರ್ಲಕ್ಷ್ಯದಿಂದ ಹೋಗಿದ್ದರೆ, ತಿಳಿಸುವ ತನಕದ ನಷ್ಟವೆಲ್ಲ ಅವರದ್ದೇ. ಹೊಣೆ ಗ್ರಾಹಕರದ್ದು ಎಂದು ಸಾಬೀತುಮಾಡುವ ಭಾರ ಮಾತ್ರ ಬ್ಯಾಂಕಿನ ಮೇಲಿದೆ. ಹಾಗಾದರೆ ಅಣ್ಣನ ಮಗನ ನಂಬರಿನಿಂದ ಬಂದ ಪತ್ರಿಕೆ ಒತ್ತಿದ್ದು ನಿರ್ಲಕ್ಷ್ಯವೋ, ಮೋಸಹೋಗಿದ್ದೋ? ಹಣ ಯಾರದ್ದು ಹೋಗಬೇಕು ಎಂಬುದು ಈ ಒಂದು ಪದದ ಮೇಲೆ ನಿಂತಿದೆ. ‘ನೀವೇ ತಾನೇ ಒತ್ತಿದ್ದು’ ಎಂಬ ಮಾತು ಮುಗ್ಧ ಪ್ರಶ್ನೆಯಲ್ಲ. ಸಾಬೀತುಮಾಡಬೇಕಾದವರು ಸಾಬೀತುಮಾಡದೆ, ಎದುರಿಗಿದ್ದವರ ನಾಚಿಕೆಯಿಂದಲೇ ಒಪ್ಪಿಗೆ ಬರೆಸಿಕೊಳ್ಳುವ ಬಗೆ ಅದು.

ಆ ನಾಚಿಕೆ ಎಲ್ಲಿಂದ ಬಂತು? ಕಾಯಿಲೆಯ ರೂಪಕಕ್ಕೆ ಒಬ್ಬ ತಂಗಿ ಇದ್ದಾಳೆ, ಅವಳ ಹೆಸರು ಶುಚಿತ್ವ. ಸೈಬರ್ ಹೈಜೀನ್ ಎಂಬುದು ಭದ್ರತಾ ತಜ್ಞರ ಮೆಚ್ಚಿನ ಮಾತು. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಸೋಂಕಿತ ಕಂಪ್ಯೂಟರುಗಳನ್ನು ಶುದ್ಧಮಾಡಲು ಆರಂಭಿಸಿದ ಕೇಂದ್ರದ ಹೆಸರೇ ಸೈಬರ್ ಸ್ವಚ್ಛತಾ ಕೇಂದ್ರ. ಅದು ಉಚಿತವಾಗಿ ಕೊಡುವ ಉಪಕರಣಗಳು ಉಪಯುಕ್ತವೇ. ಆದರೆ ನಮ್ಮ ದೇಶದಲ್ಲಿ ಶುಚಿ–ಕೊಳಕು ಎಂಬ ಮಾತುಗಳು ಬರಿಗೈಯಲ್ಲಿ ಬರುವುದಿಲ್ಲ. ಮಡಿ–ಮೈಲಿಗೆಯ ಇಡೀ ಇತಿಹಾಸವನ್ನು ಹೊತ್ತು ಬರುತ್ತವೆ. ಕೊಳೆ ಹತ್ತಿದರೆ ಅದು ಹತ್ತಿದವರ ತಪ್ಪು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಮೋಸಹೋದವರು ಅದಕ್ಕೇ ಬಾಯಿಬಿಡುವುದಿಲ್ಲ. ಮನೆಯಲ್ಲಿ ಗಂಡ ಬೈಯುತ್ತಾನೆ, ಮಗ ‘ನಿಂಗೆ ಸ್ಮಾರ್ಟ್‌ಫೋನು ಯಾಕೆ ಬೇಕಿತ್ತು’ ಅನ್ನುತ್ತಾನೆ. ಅವರ ಈ ಮೌನದ ಮೇಲೆ ಕಳ್ಳ ಮುಂದಿನ ಮನೆಗೆ ಹೋಗುತ್ತಾನೆ. ಕಳ್ಳತನದಲ್ಲಿ ಕಳೆದುಕೊಂಡವರನ್ನು ಕೊಳಕರು ಎಂದು ಯಾರೂ ಅನ್ನುವುದಿಲ್ಲ. ಫೋನಿನಲ್ಲಿ ಕಳೆದುಕೊಂಡವರಿಗೆ ಮಾತ್ರ ಈ ಹೊಸ ಮೈಲಿಗೆ.

ಇಲ್ಲಿ ತಜ್ಞರ ಕಡೆಯ ಬಲವಾದ ಆಕ್ಷೇಪವೊಂದನ್ನು ಎದುರಿಸಬೇಕು. ‘ನಾವು ಅಪ್‌ಡೇಟ್ ಮಾಡಿ ಅಂತೀವಿ, ಅವರು ಮಾಡಲ್ಲ.’ ನಿಜ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಸುರಕ್ಷಿತವಾಗಿರಲು ತಾವು ಮಾಡುವ ಮುಖ್ಯ ಕೆಲಸಗಳಲ್ಲಿ ಅಪ್‌ಡೇಟನ್ನು ಹೆಸರಿಸಿದ ತಜ್ಞರು ಶೇ. 35, ಸಾಮಾನ್ಯರು ಶೇ. 2. ಸಾಮಾನ್ಯರು ನಂಬಿದ್ದು ಆ್ಯಂಟಿವೈರಸ್ಸನ್ನು. ಈ ವಿಷಯದಲ್ಲಿ ತಜ್ಞರು ಹೇಳುವುದೇ ಸರಿ. 2017ರ ಮೇ 12ರಂದು ವನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಂಡವರು ಉಳಿದರು.

ಆದರೆ ಜನ ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದ್ದೇವೆಯೇ? ‘ಅಪ್‌ಡೇಟ್ ಕೊಟ್ರೆ ಫೋನು ಸ್ಲೋ ಆಯ್ತದೆ’ ಎಂದು ಜನ ಹೇಳಿದಾಗ ಅದನ್ನು ಮೂಢನಂಬಿಕೆ ಎಂದರು. 2017ರ ಡಿಸೆಂಬರಿನಲ್ಲಿ ಆ್ಯಪಲ್ ಕಂಪನಿ ತಾನು ಅಪ್‌ಡೇಟ್ ಮೂಲಕ, ಬ್ಯಾಟರಿ ಹಳೆಯದಾದ ಐಫೋನುಗಳ ವೇಗವನ್ನು ತಗ್ಗಿಸುತ್ತಿದ್ದುದನ್ನು ಒಪ್ಪಿಕೊಂಡಿತು. ಬಳಕೆದಾರರಿಗೆ ಅದನ್ನು ಸರಿಯಾಗಿ ತಿಳಿಸಲಿಲ್ಲವೆಂದು 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ‘ಇದು ಸೈಬರ್ ದಾಳಿಯಲ್ಲ’ ಎಂಬ ಸ್ಪಷ್ಟನೆ ತಕ್ಷಣ ಬಂತು. ಲಕ್ಷಾಂತರ ಯಂತ್ರಗಳನ್ನು ಕೆಡಿಸಿದ್ದನ್ನು ನಮ್ಮೂರ ಅಂಗಡಿಯ ಮುಂದೆ ನಿಂತವರು ವೈರಸ್ ಎಂದೇ ಕರೆಯುತ್ತಿದ್ದರು. ಅದರ ಜೊತೆಗೆ ನಮ್ಮೂರ ಲೆಕ್ಕಗಳೂ ಇವೆ: ದಿನಕ್ಕಿಷ್ಟೇ ಎಂದು ಸಿಗುವ ಡಾಟಾ, ಜಾಗವಿಲ್ಲದ ಹಳೆಯ ಫೋನು, ಅಪ್‌ಡೇಟನ್ನೇ ಬಂದ್ ಮಾಡಿ ಅಂಗಡಿಯವನು ಹಾಕಿಕೊಟ್ಟ ನಕಲಿ ವಿಂಡೋಸ್. ಅಪ್‌ಡೇಟ್ ಮಾಡದಿರುವುದು ತಪ್ಪು ನಿರ್ಧಾರವಿರಬಹುದು, ಆದರೆ ಅದರ ಹಿಂದೆ ಯೋಚನೆಯಿದೆ. ಸಲಹೆ ಕೊಡುವವರು ಆ ಯೋಚನೆಗೆ ಉತ್ತರಿಸಬೇಕು.

ಹಾಗಾದರೆ ಏನು ಮಾಡಬೇಕು? ಬೇಡಿಕೆಗಳಿಲ್ಲದ ತಕರಾರು ಬರೀ ಗೊಣಗಾಟ, ಆದ್ದರಿಂದ ನನ್ನವನ್ನು ಹೇಳುತ್ತೇನೆ.

ಒಂದು, ಪದ ಬದಲಾಗಲಿ. ಕುತಂತ್ರಾಂಶ ಪತ್ರಿಕೆಗೆ, ಪಠ್ಯಕ್ಕೆ ಚೆನ್ನಾಗಿದೆ. ಸಂತೆಗೆ ಅದು ಹೋಗುವುದಿಲ್ಲ. ನಮ್ಮಲ್ಲಿ ಆಗಲೇ ಕಳ್ಳನೋಟು ಇದೆ, ಕಳ್ಳಭಟ್ಟಿ ಇದೆ, ಕಳ್ಳದಾರಿ ಇದೆ. ಅದೇ ಸಾಲಿನಲ್ಲಿ ಕಳ್ಳ ಆ್ಯಪ್ ಎಂದರೆ ಸಾಕು. ಕಳ್ಳ ಎಂಬ ಪದ ಕೇಳಿದವರಿಗೆ ಯಾವ ಬಾಗಿಲು ತಟ್ಟಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಂಕಿನ ಗೋಡೆಯ ಮೇಲೆ, ಗ್ರಾಮ ಒನ್ ಕೇಂದ್ರದಲ್ಲಿ, ಡೇರಿಯ ಹಲಗೆಯ ಮೇಲೆ ‘ಕಳ್ಳ ಆ್ಯಪ್ ಸೇರಿದರೆ ಮೊದಲು 1930, ಆಮೇಲೆ ಬ್ಯಾಂಕು, ಕೊನೆಗೆ ರಿಪೇರಿ’ ಎಂದು ಬರೆಯಲಿ.

ಎರಡು, ಜನರ ತಿಳಿವಳಿಕೆಯನ್ನು ಅಳಿಸದೆ ಅದರ ಮೇಲೆಯೇ ಕಟ್ಟಲಿ. ಲಕ್ಷಣವಿಲ್ಲದ ಅಪಾಯ ನಮ್ಮ ಜನಕ್ಕೆ ಹೊಸದಲ್ಲ. ತೊಲೆಗೆ ಗೆದ್ದಲು ಹಿಡಿದರೆ ಹೊರಗಿನ ಬಣ್ಣ ಹಾಗೇ ಇರುತ್ತದೆ, ಒಳಗೆ ಟೊಳ್ಳಾಗಿರುತ್ತದೆ. ಮುಟ್ಟಿ ತಟ್ಟಿ ನೋಡಬೇಕೆಂದು ಎಲ್ಲರಿಗೂ ಗೊತ್ತು. ಗ್ರೀಕರ ಕುದುರೆಯನ್ನು ವಿವರಿಸುವ ಬದಲು ಹಾಲೂಡಿಸಲು ಬಂದ ಪೂತನಿಯ ಕತೆ ಹೇಳಬಹುದು. ಪರಿಚಿತ ನಂಬರಿನಿಂದ ಬರುವ ಮೋಸಕ್ಕೆ ಮಹಿರಾವಣನಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನು ವಿಭೀಷಣನ ರೂಪದಲ್ಲಿ ಬಂದದ್ದಕ್ಕೆ ಹನುಮಂತನಂಥ ಕಾವಲುಗಾರನೇ ದಾರಿಬಿಟ್ಟ. ಹನುಮಂತ ಮೋಸಹೋದ ಕತೆ ಗೊತ್ತಿರುವ ಜನ, ತಾವು ಮೋಸಹೋದದ್ದಕ್ಕೆ ಅಷ್ಟು ನಾಚಬೇಕಾಗಿಯೂ ಇಲ್ಲ. ‘ನನ್ನಲ್ಲೇನಿದೆ ಕದಿಯಲು’ ಅನ್ನುವವರಿಗೆ, ನಿನ್ನ ಹಣವಿಲ್ಲದಿದ್ದರೂ ನಿನ್ನ ಹೆಸರು ಬೇಕು, ಅದನ್ನು ತೋರಿಸಿ ನಿನ್ನ ಅಕ್ಕನ ಮನೆಗೆ ನುಗ್ಗುತ್ತಾರೆ ಎಂದರೆ ತಕ್ಷಣ ಅರ್ಥವಾಗುತ್ತದೆ. ಈ ಭಾಷೆಯಲ್ಲಿ ಬರೆಯಬಲ್ಲವರು ಎಂಜಿನಿಯರುಗಳಲ್ಲ, ಈ ಪತ್ರಿಕೆ ಓದುವ ನಾವು. ಕನ್ನಡ ಎಂ.ಎ. ಮಾಡಿದವರಿಗೆ ಏನು ಕೆಲಸ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಮೂರು, ಅಂಗಡಿಯ ಹುಡುಗನನ್ನು ಒಳಗೆ ಸೇರಿಸಿಕೊಳ್ಳಲಿ. ಊರಿನ ಫೋನುಗಳ ಮೊದಲ ವೈದ್ಯ ಅವನು. ಫ್ಲ್ಯಾಶ್ ಹೊಡೆಯುವ ಮುಂಚೆ ‘ಖಾತೆಯಿಂದ ಏನಾದ್ರೂ ದುಡ್ಡು ಹೋಗೈತಾ ನೋಡಿದ್ರಾ’ ಎಂದು ಅವನು ಒಂದು ಪ್ರಶ್ನೆ ಕೇಳುವಂತಾದರೆ, ಅದು ಹತ್ತು ಜಾಗೃತಿ ಸಪ್ತಾಹಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅವನಿಗೆ ತರಬೇತಿ ಕೊಡಲು ಬಹಳ ಖರ್ಚಿಲ್ಲ. ಅವನನ್ನು ಅರೆತಿಳಿವಳಿಕೆಯವನು ಎಂದು ನೋಡುವುದನ್ನು ಬಿಡಬೇಕು, ಅಷ್ಟೇ.

ನಾಲ್ಕು, ‘ನೀವೇ ತಾನೇ ಒತ್ತಿದ್ದು’ ಎಂದು ಕೇಳುವವರು ಆ ಪ್ರಶ್ನೆಯನ್ನು ಬರಹದಲ್ಲಿ ಕೊಡಲಿ. ಯಾವುದು ನಿರ್ಲಕ್ಷ್ಯ, ಅದನ್ನು ಹೇಗೆ ಸಾಬೀತುಮಾಡಿದಿರಿ ಎಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಲಿ. ಹೊಣೆ ಯಾರದ್ದೆಂದು ಬಾಯಿಮಾತಿನಲ್ಲಿ ತೀರ್ಮಾನವಾಗುವುದು ನಿಲ್ಲಬೇಕು.

ವೈರಸ್ಸಿಗೂ ಟ್ರೋಜನ್ನಿಗೂ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ತಜ್ಞರಿಗೆ ಅದು ಬೇಕೇ ಬೇಕು, ಅದಿಲ್ಲದೆ ಮದ್ದು ಕಂಡುಹಿಡಿಯಲಾಗದು. ಆದರೆ ತಿದ್ದಲು ಬರುವವರು ಒಂದು ಕ್ಷಣ ನಿಂತು, ಎದುರಿಗಿರುವವರ ಹಣ ಹೋಗಿದೆಯೇ, ಯಾವಾಗ ಹೋಯಿತು, ಮೂರು ದಿನ ಇನ್ನೂ ಆಗಿಲ್ಲವೇ ಎಂದು ಮೊದಲು ಕೇಳಲಿ. ಪದವನ್ನು ಆಮೇಲೆ ತಿದ್ದಬಹುದು.